ಬಾಣಂತಿಯ ಮನಸ್ಸಿನ ತಪಾಸಣೆಯೂ ಆಶಾ ಕೆಲಸವೇ? ಪರ–ವಿರೋಧ

ಪ್ರಶ್ನೆ: ಹೆರಿಗೆಯ ನಂತರದ ಮನೆ ಭೇಟಿಯಲ್ಲಿ ಆಶಾ ಕಾರ್ಯಕರ್ತೆಯರು ಪ್ರತಿ ಬಾಣಂತಿಗೂ ಖಿನ್ನತೆಯ ಪ್ರಶ್ನೆಗಳನ್ನು ಕೇಳುವುದನ್ನು ಕರ್ನಾಟಕ ಸರ್ಕಾರ ಕಡ್ಡಾಯ ಮಾಡಬೇಕೇ?

ಪರ: ಹೇಗೂ ಮನೆಗೆ ಹೋಗ್ತಾರೆ, ಕೇಳಲಿ

ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದವರನ್ನು ಆಶಾ ಆರು ಸಲ ನೋಡಬೇಕು ಅನ್ನುವುದು ಈಗಾಗಲೇ ಇರುವ ನಿಯಮ. 3, 7, 14, 21, 28 ಮತ್ತು 42ನೇ ದಿನ. ಮಗುವಿನ ತೂಕ ನೋಡುತ್ತಾರೆ, ಮೈ ಬಿಸಿ ಇದೆಯಾ ನೋಡುತ್ತಾರೆ, ತಾಯಿಗೆ ರಕ್ತ ಜಾಸ್ತಿ ಹೋಗ್ತಿದೆಯಾ, ದಿನಕ್ಕೆ ಎಷ್ಟು ಸಲ ಊಟ ಮಾಡ್ತಾಳೆ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಊಟದ ಬಗ್ಗೆ ಕೇಳುವವರು, ಮಗು ಮಲಗಿದಾಗಲೂ ನಿನಗೆ ನಿದ್ದೆ ಬರಲ್ವಾ, ಸುಮ್ಸುಮ್ನೆ ಅಳು ಬರುತ್ತಾ ಅಂತ ಇನ್ನೆರಡು ಮಾತು ಕೇಳಿದರೆ ಏನು ಕಷ್ಟ?

ನಮ್ಮಲ್ಲಿ ಬಾಣಂತನ ಪೂರ್ತಿ ಮೈಯದ್ದೇ. ಎಣ್ಣೆ, ಬಿಸಿನೀರು, ಮೆಣಸಿನ ಸಾರು, ಕಿವಿಗೆ ಹತ್ತಿ, ಸಾಂಬ್ರಾಣಿ ಹೊಗೆ. ಇದನ್ನು ಹೀಗಳೆಯುತ್ತಿಲ್ಲ, ಅಷ್ಟು ಆರೈಕೆ ಸಿಗುವುದೂ ಪುಣ್ಯವೇ. ಆದರೆ ಆ ಹುಡುಗಿ ಗೋಡೆ ಕಡೆ ತಿರುಗಿ ಅಳುತ್ತಿದ್ದರೆ "ಎಲ್ಲರೂ ಹೆತ್ತಿಲ್ವಾ, ನಿಂದೇನು ಹೊಸದಾ" ಅನ್ನುತ್ತಾರೆ. ಹುಟ್ಟಿದ್ದು ಎರಡನೇ ಹೆಣ್ಣು ಮಗುವಾಗಿದ್ದರೆ ಅಷ್ಟನ್ನೂ ಕೇಳುವವರಿಲ್ಲ.

ಇದು ಎಲ್ಲೋ ಒಬ್ಬರಿಗೆ ಬರುವ ಕಾಯಿಲೆ ಅಲ್ಲ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ ಸುಮಾರು 20 ಸಾವಿರ ತಾಯಂದಿರ ಲೆಕ್ಕವನ್ನು, ಒಟ್ಟಿಗೆ ನೋಡಿದ ವರದಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ನೂರಕ್ಕೆ 22 ಜನರಿಗೆ ಹೆರಿಗೆ ನಂತರದ ಖಿನ್ನತೆ. ಆಶಾ ಮೇಲೆ ಹೊರೆ ಅನ್ನುವವರಿಗೆ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಹೆಚ್ಚುಕಡಿಮೆ ಸಾವಿರ ಜನರಿಗೆ ಒಬ್ಬ ಆಶಾ. ನಮ್ಮ ರಾಜ್ಯದ ಜನನ ದರ ಸಾವಿರಕ್ಕೆ ಸುಮಾರು 16. ಅಂದರೆ ಒಬ್ಬ ಆಶಾ ವರ್ಷಕ್ಕೆ ನೋಡುವುದು 16 ಬಾಣಂತಿಯರನ್ನು, ಅದರಲ್ಲಿ ಮೂರೋ ನಾಲ್ಕೋ ಜನರಿಗೆ ಸಹಾಯ ಬೇಕಾಗಬಹುದು. ಇದು ಆಗದ ಕೆಲಸವಾ?

ಕೇಳೋದು ಹೇಗೆ ಅಂತ ಹೊಸದಾಗಿ ಕಂಡುಹಿಡಿಯಬೇಕಾಗಿಯೂ ಇಲ್ಲ. ಬಾಣಂತಿಯರ ಖಿನ್ನತೆ ಗುರುತಿಸೋಕೆ ಅಂತಲೇ 1987ರಲ್ಲಿ ಬಂದ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ ಇರುವುದು ಹತ್ತೇ ಪ್ರಶ್ನೆ. ಕನ್ನಡದಲ್ಲೂ ಇದೆ, ನಮ್ಮ ಹಳ್ಳಿಯ ತಾಯಂದಿರ ಮೇಲೆ ಪರೀಕ್ಷಿಸಿಯೂ ನೋಡಿದ್ದಾರೆ. ಪಕ್ಕದ ಕೇರಳ 'ಅಮ್ಮ ಮನಸ್ಸು' ಅಂತ ಬಸುರಿ-ಬಾಣಂತಿಯರಿಗೇ ಒಂದು ಕಾರ್ಯಕ್ರಮ ಮಾಡಿದೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಮ್ಮ ಆಶಾಗಳಂಥ ಆರೋಗ್ಯ ಕಾರ್ಯಕರ್ತೆಯರೇ ಖಿನ್ನತೆಯಲ್ಲಿದ್ದ ತಾಯಂದಿರ ಜೊತೆ ಕೂತು ಮಾತಾಡಿದರು. 2008ರಲ್ಲಿ ಬಂದ ಫಲಿತಾಂಶದ ಪ್ರಕಾರ ಆರು ತಿಂಗಳ ಹೊತ್ತಿಗೆ ಅವರ ಆರೈಕೆ ಸಿಕ್ಕವರಲ್ಲಿ ಖಿನ್ನತೆ ಉಳಿದಿದ್ದು 23%, ಮಾಮೂಲಿ ಭೇಟಿ ಮಾತ್ರ ಸಿಕ್ಕವರಲ್ಲಿ 53%.

ಇನ್ನು ಬಾಣಂತಿ ಸನ್ನಿ, ಅಂದರೆ ಹೆರಿಗೆಯಾದ ಮೇಲೆ ಬುದ್ಧಿಯ ಸ್ಥಿಮಿತ ತಪ್ಪುವ ಕಾಯಿಲೆ. ಸಾವಿರ ಹೆರಿಗೆಗೆ ಒಂದೋ ಎರಡೋ, ಆದರೆ ಬಂದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರುವಾಗುತ್ತದೆ. ಗಾಳಿ ಸೋಕಿದೆ ಅಂತ ಯಂತ್ರ ಕಟ್ಟಿಸೋಕೆ ಹೋಗಿ ಕಳೆದುಕೊಳ್ಳುವುದೂ ಅದೇ ದಿನಗಳನ್ನು. ಆಶಾ ಮೂರು ಸಲ ಆ ಮನೆಗೆ ಹೋಗುವುದೂ ಅದೇ ದಿನಗಳಲ್ಲಿ! ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಾರ್ಡ್ 2009ರಿಂದ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸುಮ್ಮನೆ ಬೇರೆ ಮಾಡಬಾರದು ಅನ್ನುತ್ತದೆ. ಇಷ್ಟೆಲ್ಲ ಇದ್ದರೂ, ಹಳ್ಳಿಯಲ್ಲಿ ಮೊದಲು ಒಬ್ಬರು ಗುರುತಿಸಬೇಕಲ್ವಾ?

ಕಡ್ಡಾಯ ಯಾಕೆ ಅಂದರೆ, ಐಚ್ಛಿಕ ಅಂದ ಕೂಡಲೇ ಅದು ಯಾರೂ ಮಾಡದ ಕೆಲಸ ಆಗುತ್ತದೆ. ಸರ್ಕಾರಿ ಫಾರ್ಮಿನಲ್ಲಿ ಕಾಲಂ ಇಲ್ಲದ ಕಾಯಿಲೆಗೆ ಬಜೆಟ್ಟೂ ಇರಲ್ಲ.

ವಿರೋಧ: ಕೇಳಿದ ಮೇಲೆ ಏನು?

ಬಾಣಂತಿಯ ಮನಸ್ಸು ಮುಖ್ಯ ಅಲ್ಲ ಅಂತ ನಾನು ಹೇಳುತ್ತಿಲ್ಲ. ಮೇಲಿನ ಅಂಕಿಗಳ ಬಗ್ಗೆಯೂ ನನಗೆ ತಕರಾರಿಲ್ಲ. ನನ್ನ ತಕರಾರು 'ಕಡ್ಡಾಯ' ಅನ್ನುವುದರ ಬಗ್ಗೆ, 'ಮನೆಯಲ್ಲೇ' ಅನ್ನುವುದರ ಬಗ್ಗೆ.

ಆ ಎಡಿನ್‌ಬರೋ ಪ್ರಶ್ನಾವಳಿಯ ಹತ್ತನೇ ಪ್ರಶ್ನೆ ಯಾವುದು ಗೊತ್ತಾ? ನಿನಗೆ ನೀನೇ ಏನಾದರೂ ಮಾಡಿಕೊಳ್ಳಬೇಕು ಅನಿಸಿದೆಯಾ ಅನ್ನುವುದು. ಇದನ್ನು ಎಲ್ಲಿ ಕೇಳುತ್ತೀರಿ? ಅತ್ತೆ ಬಾಗಿಲಲ್ಲಿ ಕೂತಿರುತ್ತಾರೆ, ನಾದಿನಿ ಮಗು ಹಿಡಿದುಕೊಂಡಿರುತ್ತಾಳೆ, ಪಕ್ಕದ ಮನೆಯವರು ಮಗು ನೋಡೋಕೆ ಬಂದಿರುತ್ತಾರೆ. ನಮ್ಮ ಮನೆಗಳಲ್ಲಿ ಬಾಣಂತಿಗೆ ಏನು ಬೇಕಾದರೂ ಸಿಗಬಹುದು, ಒಬ್ಬಳೇ ಕೂತು ಹತ್ತು ನಿಮಿಷ ಮಾತಾಡುವ ಜಾಗ ಮಾತ್ರ ಸಿಗುವುದಿಲ್ಲ. "ಏನಿಲ್ಲ ಅಕ್ಕಾ, ಆರಾಮಿದೀನಿ" ಅಂತಾಳೆ. ಹತ್ತಕ್ಕೆ ಹತ್ತೂ ಸೊನ್ನೆ ಬೀಳುತ್ತದೆ. ಆಮೇಲೆ ಜಿಲ್ಲೆಯಿಂದ ಬೆಂಗಳೂರಿಗೆ ವರದಿ ಹೋಗುತ್ತದೆ, ನಮ್ಮಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಅಂತ. ಕಾಲಂ ಇಲ್ಲದಿದ್ದರೆ ಬಜೆಟ್ ಇರಲ್ಲ ಅಂದರಲ್ಲ, ಕಾಲಂ ತುಂಬ ಸೊನ್ನೆ ಬಂದರೆ ಇರುವ ಬಜೆಟ್ಟೂ ಹೋಗುತ್ತದೆ.

ಒಬ್ಬಳು ಧೈರ್ಯ ಮಾಡಿ ಹೌದು ಅಂದಳು ಅಂತಲೇ ಇಟ್ಟುಕೊಳ್ಳಿ. ಆಶಾ ಅದೇ ಊರಿನ ಸೊಸೆ, ಎಷ್ಟೋ ಸಲ ಸಂಬಂಧಿಕಳೂ ಹೌದು. ಗುಟ್ಟು ಎಷ್ಟು ದಿನ ಉಳಿಯುತ್ತದೆ? ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಇರುವ ಕಾರಣಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಖಿನ್ನತೆ ಅಷ್ಟಕ್ಕೇ ಕೋರ್ಟ್ ವಿಚ್ಛೇದನ ಕೊಡುವುದಿಲ್ಲ, ನಿಜ. ಆದರೆ ಸೊಸೆಗೆ ತಲೆ ಸರಿಯಿಲ್ಲ ಅಂತ ಸರ್ಕಾರಿ ಫಾರ್ಮಿನಲ್ಲೇ ಬರೆದಿದೆ ಅನ್ನುವ ಮಾತು ಪಂಚಾಯಿತಿ ಕಟ್ಟೆಯಲ್ಲಿ ಸಾಕಲ್ವಾ.

ಆಮೇಲೆ ಚಿಕಿತ್ಸೆ. ಒಬ್ಬ ಆಶಾಗೆ ಮೂರು ನಾಲ್ಕು ಜನ ಅಂತ ಲೆಕ್ಕ ಹಾಕಿದರು, ಸರಿ. ಅದನ್ನೇ ಜಿಲ್ಲೆಗೆ ಹಾಕಿ. 18 ಲಕ್ಷ ಜನರಿರುವ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 29 ಸಾವಿರ ಹೆರಿಗೆ, ನೂರಕ್ಕೆ 22 ಅಂದರೆ ಆರು ಸಾವಿರಕ್ಕೂ ಮೇಲೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಇರುವ ತಂಡದಲ್ಲಿ ಒಬ್ಬ ಮನೋವೈದ್ಯರು, ಒಬ್ಬ ಮನಶ್ಶಾಸ್ತ್ರಜ್ಞರು, ಇನ್ನು ಕೆಲವರು, ಅದೂ ಹುದ್ದೆ ಭರ್ತಿಯಾಗಿದ್ದರೆ. ಇಡೀ ದೇಶದ ಆ ಕಾರ್ಯಕ್ರಮಕ್ಕೆ ಮಾದರಿ ನಮ್ಮ ಬಳ್ಳಾರಿಯೇ, ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಮಾಡಿ ತೋರಿಸಿತ್ತು, ಹೆಮ್ಮೆಪಡೋಣ. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯವೂ ಒಳ್ಳೆಯದೇ. ಆದರೆ ಇಪ್ಪತ್ತು ದಿನದ ಬಾಣಂತಿಯನ್ನು ಬಸ್ಸು ಹತ್ತಿಸಿ ತಾಲೂಕಿಗೆ ಯಾರು ಕರೆದುಕೊಂಡು ಹೋಗುತ್ತಾರೆ, ಎಲ್ಲಿಗೆ ಅಂತ ಮನೆಯಲ್ಲಿ ಏನು ಹೇಳಿ? ಬ್ರಿಟನ್ನಿನ ರಾಷ್ಟ್ರೀಯ ಸ್ಕ್ರೀನಿಂಗ್ ಸಮಿತಿಯೇ ಎಲ್ಲ ತಾಯಂದಿರಿಗೂ ಇಂಥ ಸ್ಕ್ರೀನಿಂಗ್ ಶಿಫಾರಸು ಮಾಡಿಲ್ಲ. ನಾವು ಆತುರ ಪಡುತ್ತಿದ್ದೇವೆ.

ರಾವಲ್ಪಿಂಡಿಯ ಉದಾಹರಣೆ ಕೊಟ್ಟರಲ್ಲ, ಅಲ್ಲಿ ಕೆಲಸ ಮಾಡಿದ್ದು ಪ್ರಶ್ನಾವಳಿ ಅಲ್ಲ. ಬಸುರಿಯ ಕೊನೆಯ ತಿಂಗಳಿಂದ ಶುರುವಾಗಿ 16 ಸಲ ಕೂತು ಮಾತಾಡಿದ್ದು. ನಮ್ಮ ಆಶಾಗೆ ಆರೂ ಭೇಟಿಗೆ ಸೇರಿ ಸಿಗುವ ಪ್ರೋತ್ಸಾಹಧನ 250 ರೂಪಾಯಿ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತು ಚಳಿಯಲ್ಲಿ ಮಲಗಿದ್ದು ತಿಂಗಳಿಗೆ 15 ಸಾವಿರ ಕೊಡಿ ಅಂತ, ಎದ್ದು ಬಂದಿದ್ದು 10 ಸಾವಿರದ ಭರವಸೆಗೆ. ಆಶಾಗಳ ಮನಸ್ಸಿನ ಆರೋಗ್ಯ ಯಾರು ಕೇಳಿದ್ದಾರೆ?

ಸನ್ನಿಯ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೆ ಹತ್ತು ಪ್ರಶ್ನೆ ಬೇಡ. ನಿದ್ದೆಯೇ ಇಲ್ಲದೆ ಏನೇನೋ ಮಾತಾಡುತ್ತಿದ್ದರೆ, ಮಗು ನನ್ನದಲ್ಲ ಅನ್ನುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಕಳಿಸಿ ಅಂತ ಎಲ್ಲ ಆಶಾಗಳಿಗೂ ಕಲಿಸಿ.

ಉಳಿದವರನ್ನು ಕೇಳುವುದಾದರೆ ಮನೆಯ ಹೊರಗೆ ಕೇಳಿ. ಮಗುವಿಗೆ ಒಂದೂವರೆ ತಿಂಗಳಾದಾಗ ಲಸಿಕೆಗೆ ಹೇಗೂ ಬರುತ್ತಾರೆ. ಮಗು ಅಜ್ಜಿ ಕೈಲಿ ಇರುವಾಗ ನರ್ಸಮ್ಮ ತಾಯಿಯನ್ನು ಒಳಗೆ ಕರೆದು ಎರಡು ಮಾತು ಕೇಳಬಹುದು, ಬೇಕಾದರೆ ಅಲ್ಲಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿ ಕೊಡಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಬ್ಬ ಆಪ್ತಸಮಾಲೋಚಕಿಯನ್ನು ಮೊದಲು ನೇಮಿಸಿ, ಆಮೇಲೆ ಆದೇಶ ಹೊರಡಿಸಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಎಷ್ಟೋ ಕಡೆ ತಾಯಿ ಕಾರ್ಡ್ ಮಾಡಿಸುವುದು ಗಂಡನ ಊರಿನಲ್ಲಿ, ಚೊಚ್ಚಲ ಹೆರಿಗೆ ತವರಿನಲ್ಲಿ, ಮೂರು ತಿಂಗಳೋ ಐದು ತಿಂಗಳೋ ಕಳೆದು ಮತ್ತೆ ಗಂಡನ ಊರು. ಬಸುರಿಯಾಗಿದ್ದಾಗ ನೋಡಿದ ಆಶಾ ಬೇರೆ, ಬಾಣಂತಿಯನ್ನು ನೋಡುವ ಆಶಾ ಬೇರೆ. ಅತ್ತೆಮನೆಗೆ ವಾಪಸ್ಸಾದಾಗ, ಎಷ್ಟೋ ಜನರಿಗೆ ನಿಜವಾದ ಕಷ್ಟ ಶುರುವಾಗುವುದೇ ಆಗ, 42 ದಿನದ ಲೆಕ್ಕ ಮುಗಿದು ಎಷ್ಟೋ ಕಾಲವಾಗಿರುತ್ತದೆ. ಮೊದಲು ಆ ಎರಡು ಊರಿನ ಆಶಾಗಳು ಪರಸ್ಪರ ಫೋನ್ ಮಾಡಿ ಹೇಳಿಕೊಳ್ಳುವ ವ್ಯವಸ್ಥೆ ಮಾಡಿ. ಅದಕ್ಕೂ ದುಡ್ಡು ಕೊಡಿ.