ಬೇಟೆ ಎಂದ ಕೂಡಲೇ ಮುಖ ತಿರುಗಿಸುವ ಮೊದಲು

ನಾನು ಇವತ್ತಿನವರೆಗೆ ಕೋವಿ ಹಿಡಿದವನಲ್ಲ. ಒಂದು ಮೊಲಕ್ಕೂ ಗುರಿ ಇಟ್ಟಿಲ್ಲ. ಸತ್ತ ಪ್ರಾಣಿಯ ಪಕ್ಕ ಹಲ್ಲು ಬಿಟ್ಟು ನಿಂತವರ ಫೋಟೊ ಕಂಡರೆ ನನಗೂ ಹೊಟ್ಟೆ ತೊಳಸುತ್ತದೆ. ಜಗತ್ತಿನಲ್ಲಿ ಎಲ್ಲೂ ಬೇಟೆ ಇರಬಾರದು ಎಂದು ಎಷ್ಟೋ ವರ್ಷ ವಾದ ಮಾಡಿದವನು ನಾನು. ಈಗ ಆ ಮಾತು ಹೇಳಲು ಬಾಯಿ ಬರುವುದಿಲ್ಲ. ಯಾಕೆ ಅಂತ ಸಮಾಧಾನವಾಗಿ ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಮೊದಲೇ ಒಂದು ಮಾತು. ನಾನು ಹೇಳುತ್ತಿರುವುದು ಕಾನೂನಿನ ಒಳಗೆ, ಲೆಕ್ಕ ಹಾಕಿ, ಲೈಸೆನ್ಸ್ ಕೊಟ್ಟು ನಡೆಸುವ ಬೇಟೆಯ ಬಗ್ಗೆ. ಕಾನೂನು ಬೇಡ ಅಂದ ಕಡೆ ಹೊಡೆದರೆ ಅದು ಕಳ್ಳಬೇಟೆ. ಅದರ ಪರವಾಗಿ ನನ್ನಲ್ಲಿ ಒಂದು ಮಾತೂ ಇಲ್ಲ.

ನನ್ನ ಮನಸ್ಸು ಅಲುಗಾಡಿದ್ದು ಒಂದು ದ್ವೀಪದ ಕಥೆ ಓದಿದಾಗ. ಅಲಾಸ್ಕಾದ ಪಶ್ಚಿಮಕ್ಕೆ ಬೇರಿಂಗ್ ಸಮುದ್ರದಲ್ಲಿ ಸೇಂಟ್ ಮ್ಯಾಥ್ಯೂ ಅನ್ನುವ ದ್ವೀಪ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆಯ ಕೆಲವರು ಅಲ್ಲಿದ್ದರು. ಕಷ್ಟಕಾಲಕ್ಕೆ ಮಾಂಸಕ್ಕಾಗಲಿ ಎಂದು 1944ರಲ್ಲಿ 29 ಹಿಮಸಾರಂಗಗಳನ್ನು ತಂದು ಬಿಟ್ಟರು. ಯುದ್ಧ ಮುಗಿಯಿತು, ಜನ ಹೊರಟುಹೋದರು. ಸಾರಂಗಗಳು ಉಳಿದವು. ತೋಳ ಇಲ್ಲ, ಬೇಟೆಗಾರ ಇಲ್ಲ. ನೆಲದ ತುಂಬ ದಪ್ಪಗೆ ಬೆಳೆದ ಕಲ್ಲುಹೂವು, ಅವುಗಳ ಮೇವು. ಪ್ರಾಣಿಗಳಿಗೆ ಇದಕ್ಕಿಂತ ಸುಖದ ಜಾಗ ಉಂಟಾ ಅನ್ನಿಸುತ್ತದೆ, ಅಲ್ವಾ?

1957ರಲ್ಲಿ ಎಣಿಸಿದಾಗ 1,350 ಇದ್ದವು. 1963ರ ಹೊತ್ತಿಗೆ 6,000. ಅಷ್ಟರಲ್ಲಿ ಕಲ್ಲುಹೂವು ಬಹುತೇಕ ಮುಗಿದಿತ್ತು. ಅದು ಹುಲ್ಲಿನಂತೆ ಮುಂದಿನ ಮಳೆಗೆ ಚಿಗುರುವುದಿಲ್ಲ, ಮತ್ತೆ ಬೆಳೆಯಲು ಹತ್ತಾರು ವರ್ಷ ಬೇಕು. ಆ ವರ್ಷದ ಚಳಿಗಾಲ ಬೇರೆ ಬಹಳ ಕೆಟ್ಟದಾಗಿತ್ತು. 1966ರಲ್ಲಿ ವಿಜ್ಞಾನಿಗಳು ಮತ್ತೆ ಹೋದಾಗ ನೆಲದ ಮೇಲೆ ಎಲ್ಲೆಲ್ಲೂ ಎಲುಬುಗಳು. ಬದುಕಿದ್ದವು 42. ಅದರಲ್ಲಿ 41 ಹೆಣ್ಣು, ಒಂದೇ ಗಂಡು. ಆ ಗಂಡಿನ ಕೊಂಬೂ ಸರಿಯಾಗಿ ಬೆಳೆದಿರಲಿಲ್ಲ, ಅದರಿಂದ ಮರಿ ಆಗುವ ಹಾಗಿರಲಿಲ್ಲ. ಮುಂದೆ ಅವೂ ಹೋದವು. ಈಗ ಆ ದ್ವೀಪದಲ್ಲಿ ಒಂದು ಸಾರಂಗವೂ ಇಲ್ಲ.

ಯಾರೂ ಅವುಗಳಿಗೆ ಗುಂಡು ಹೊಡೆಯಲಿಲ್ಲ. ಹಸಿವಿನಿಂದ, ವಾರಗಟ್ಟಲೆ ಹಿಮ ಕೆದರಿ ಕೆದರಿ ಸತ್ತವು.

ಪ್ರಾಣಿಯನ್ನು ಅದರ ಪಾಡಿಗೆ ಬಿಟ್ಟರೆ ಅದು ನೆಮ್ಮದಿಯಾಗಿ ಮುದಿಯಾಗಿ ಸಾಯುತ್ತದೆ ಎಂದು ನಮಗೆ ಎಲ್ಲೋ ಒಂದು ನಂಬಿಕೆ. ಕಾಡಿನಲ್ಲಿ ಹಾಗೆ ಸಾಯುವ ಜಿಂಕೆ ತೀರಾ ಕಡಿಮೆ. ಹಸಿವು, ರೋಗ, ಚಳಿ, ಇಲ್ಲವೇ ಇನ್ನೊಂದು ಪ್ರಾಣಿಯ ಹಲ್ಲು. ಮನುಷ್ಯ ಎಷ್ಟೋ ದೇಶಗಳಲ್ಲಿ ತೋಳವನ್ನು ನೂರಾರು ವರ್ಷದ ಹಿಂದೆಯೇ ಮುಗಿಸಿಬಿಟ್ಟ. ಸ್ಕಾಟ್ಲೆಂಡ್‌ನಲ್ಲಿ ಹೀಗೇ ಆಯಿತು. ಅಲ್ಲಿನ ಗುಡ್ಡಗಳಲ್ಲಿ ಕೆಂಜಿಂಕೆ ಹೆಚ್ಚಾಗಿ, ಹುಟ್ಟಿದ ಸಸಿಯೆಲ್ಲ ಅವುಗಳ ಬಾಯಿಗೆ ಹೋಯಿತು. ಹಳೇ ಮರಗಳು ನಿಂತಿವೆ, ಅವುಗಳ ಮಕ್ಕಳು ಮೇಲೇಳುತ್ತಿಲ್ಲ. ಜಿಂಕೆ ಜಾಸ್ತಿ ಆದ ಯಾವ ಕಾಡಿಗೆ ಹೋದರೂ ಇದು ಕಣ್ಣಿಗೇ ಕಾಣುತ್ತದೆ. ಜಿಂಕೆಯ ಬಾಯಿ ಎಟಕುವಷ್ಟು ಎತ್ತರದವರೆಗೆ ಎಲೆ ಇರುವುದಿಲ್ಲ, ಯಾರೋ ಕತ್ತರಿ ಹಾಕಿದ ಹಾಗೆ. ಪೊದೆಯಲ್ಲಿ ಗೂಡು ಕಟ್ಟುವ ಹಕ್ಕಿಗೆ ಪೊದೆಯೇ ಇಲ್ಲ. ಒಂದು ಪ್ರಾಣಿಯ ಮೇಲಿನ ದಯೆ ಹತ್ತು ಜೀವಿಗಳ ಮನೆ ಕಿತ್ತಿರುತ್ತದೆ. ಬೇಟೆ ಅಲ್ಲಿ ತೋಳ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಮಾಡುತ್ತದೆ. ಪೂರ್ತಿ ಅಲ್ಲ, ಒಂದು ಪಾಲು. ತೋಳ ದುರ್ಬಲವಾದದ್ದನ್ನು ಆರಿಸುತ್ತದೆ, ಮನುಷ್ಯನ ಕಣ್ಣು ದೊಡ್ಡ ಕೊಂಬಿನ ಮೇಲೆ. ಅದಕ್ಕೇ ಎಷ್ಟು ಹೆಣ್ಣು, ಎಷ್ಟು ಗಂಡು, ಯಾವ ವಯಸ್ಸಿನವು ಎಂದು ಸರ್ಕಾರಗಳು ಗೊತ್ತುಮಾಡಿ ಲೈಸೆನ್ಸ್ ಕೊಡುವುದು.

ಮನುಷ್ಯರಿಗೆ ಏನು ಲಾಭ ಎನ್ನುವವರಿಗೆ: ರಸ್ತೆ. ಅಮೆರಿಕದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಲ ವಾಹನಗಳು ಜಿಂಕೆಗೆ ಡಿಕ್ಕಿ ಹೊಡೆಯುತ್ತವೆ. ಸ್ವೀಡನ್, ನಾರ್ವೆಯಲ್ಲಿ ಮೂಸ್ ಅನ್ನುವ ಭಾರಿ ಸಾರಂಗ ಇದೆ. ಕಾಲು ಎಷ್ಟು ಉದ್ದ ಎಂದರೆ ಕಾರು ಗುದ್ದಿದಾಗ ದೇಹ ನೇರವಾಗಿ ಮುಂದಿನ ಗಾಜಿನ ಮೇಲೆ ಬೀಳುತ್ತದೆ. ಆ ದೇಶಗಳು ಪ್ರತಿ ವರ್ಷ ಹತ್ತಾರು ಸಾವಿರ ಮೂಸ್ ಬೇಟೆಗೆ ಅನುಮತಿ ಕೊಡುತ್ತವೆ. ಆ ಮಾಂಸ ಮನೆಗಳ ಫ್ರೀಜರ್ ಸೇರಿ ಚಳಿಗಾಲ ಕಳೆಸುತ್ತದೆ. ಮಾಂಸ ತಿನ್ನುವವರು ಇಲ್ಲಿ ಒಂದು ನಿಮಿಷ ಯೋಚಿಸಿ. ಇಕ್ಕಟ್ಟಿನ ಶೆಡ್ಡಿನಲ್ಲಿ ಆಕಾಶವನ್ನೇ ಕಾಣದೆ ಬೆಳೆದ ಕೋಳಿಗಿಂತ, ಕಾಡಿನಲ್ಲಿ ಓಡಾಡಿಕೊಂಡಿದ್ದು ಒಂದೇ ಗುಂಡಿಗೆ ಸತ್ತ ಪ್ರಾಣಿಯ ಬದುಕು ಕೆಟ್ಟದ್ದಾ? ನನಗೆ ಹಾಗನ್ನಿಸುವುದಿಲ್ಲ.

ಇನ್ನು ದುಡ್ಡಿನ ವಿಷಯ. ನನ್ನನ್ನು ಹೆಚ್ಚು ಒಪ್ಪಿಸಿದ್ದು ಇದೇ.

ಅಮೆರಿಕದಲ್ಲಿ 19ನೇ ಶತಮಾನದ ಬೇಟೆಗೆ ಲೆಕ್ಕವೂ ಇರಲಿಲ್ಲ, ಲಂಗುಲಗಾಮೂ ಇರಲಿಲ್ಲ. ಮಾರಾಟಕ್ಕಾಗಿ ಕೊಂದರು, ಕೊಂದೇ ಕೊಂದರು. ಕೋಟಿಗಟ್ಟಲೆ ಹಾರುತ್ತಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯದು ಮಾರ್ತಾ. ಅದು 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಇದನ್ನು ಮುಚ್ಚಿಟ್ಟು ಬೇಟೆಯ ಪರ ಮಾತಾಡಬಾರದು. ಆದರೆ ಅದೇ ದೇಶದ ಬೇಟೆಗಾರರೇ ಮುಂದೆ ತಮ್ಮ ಮೇಲೆ ತಾವೇ ತೆರಿಗೆ ಹೇರಿಕೊಳ್ಳಲು ಒಪ್ಪಿದರು. 1934ರಲ್ಲಿ ಬಾತುಕೋಳಿ ಸ್ಟ್ಯಾಂಪ್ ಬಂತು. ಒಂದು ಡಾಲರ್ ಕೊಟ್ಟು ಅದನ್ನು ಕೊಂಡರೆ ಮಾತ್ರ ನೀರುಹಕ್ಕಿ ಬೇಟೆ. ಈಗ ಅದಕ್ಕೆ 25 ಡಾಲರ್. ಆ ಹಣದಿಂದ 60 ಲಕ್ಷ ಎಕರೆಗೂ ಹೆಚ್ಚು ಜಾಗ ಉಳಿದಿದೆ. ಆ ಜೌಗು ನೆಲಗಳಲ್ಲಿ ಬಾತುಕೋಳಿ ಮಾತ್ರ ಇರುತ್ತದಾ? ಕೊಕ್ಕರೆ, ಕಪ್ಪೆ, ಮೀನು, ಆಮೆ ಎಲ್ಲಕ್ಕೂ ಅದೇ ಮನೆ. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಬೇಟೆ ಬಂದೂಕು, ಗುಂಡುಗಳ ಮೇಲೆ ಶೇ 11 ತೆರಿಗೆ. ಅದು ನೇರವಾಗಿ ವನ್ಯಜೀವಿ ಕೆಲಸಕ್ಕೆ. ಇನ್ನೂ ಚೆನ್ನಾಗಿರುವುದು ಅದರೊಳಗಿನ ಒಂದು ಷರತ್ತು. ಬೇಟೆ ಲೈಸೆನ್ಸಿನ ಹಣವನ್ನು ಬೇರೆ ಕಡೆಗೆ ತಿರುಗಿಸುವ ರಾಜ್ಯಕ್ಕೆ ಈ ತೆರಿಗೆಯ ಪಾಲು ಇಲ್ಲ. ಬೇಟೆಗೆ ಹೋಗದವರು ಕೊಳ್ಳುವ ಬಂದೂಕಿನ ತೆರಿಗೆಯೂ ಇದಕ್ಕೆ ಸೇರುತ್ತದೆ, ನಿಜ. ಆದರೂ ಪ್ರಾಣಿ ಪ್ರೀತಿಸುವ ನಮ್ಮಂಥವರು ಕ್ಯಾಮೆರಾ ಕೊಂಡಾಗ, ದುರ್ಬೀನು ಕೊಂಡಾಗ ಇಂಥ ತೆರಿಗೆ ಕಟ್ಟುತ್ತೇವಾ? ಕಟ್ಟುವುದಿಲ್ಲ. ಇದನ್ನು ಯೋಚಿಸಿದಾಗ ನನಗೆ ನಿಜಕ್ಕೂ ನಾಚಿಕೆ ಆಯಿತು.

ಅಲ್ಲಿನ ಕಾಡು ಟರ್ಕಿ ಕೋಳಿ ಕಳೆದ ಶತಮಾನದ ಮೊದಲ ಭಾಗದಲ್ಲಿ ಮುಗಿದೇ ಹೋಗುವ ಹಂತಕ್ಕೆ ಬಂದಿತ್ತು. ಈಗ ಲಕ್ಷಗಳಲ್ಲಿದೆ. ಹಿಡಿದು, ಸಾಗಿಸಿ, ಹೊಸ ಕಾಡುಗಳಲ್ಲಿ ಬಿಟ್ಟ ಆ ಕೆಲಸಕ್ಕೆ ಹೆಚ್ಚು ಖರ್ಚು ಮಾಡಿದ್ದು ಅದನ್ನೇ ಬೇಟೆಯಾಡುವ ಜನ.

ಇನ್ನೊಂದು ಕಥೆ ಪಾಕಿಸ್ತಾನದ್ದು, ಬಲೂಚಿಸ್ತಾನದ ತೋರ್ಘರ್ ಬೆಟ್ಟಗಳದ್ದು. ಮಾರ್ಖೋರ್ ಅನ್ನುವ ಕಾಡುಮೇಕೆ, ತಿರುಚಿದ ಕೊಂಬಿನದು, ಆ ದೇಶದ ರಾಷ್ಟ್ರಪ್ರಾಣಿ. ಅಫ್ಘಾನ್ ಯುದ್ಧದ ಕಾಲದಲ್ಲಿ ಆ ಕಡೆ ಬಂದೂಕುಗಳು ಹೊಳೆಯಾಗಿ ಹರಿದವು. 1980ರ ದಶಕದ ನಡುವಿನ ಹೊತ್ತಿಗೆ ತೋರ್ಘರ್‌ನಲ್ಲಿ ಉಳಿದದ್ದು ನೂರಕ್ಕೂ ಕಡಿಮೆ ಮಾರ್ಖೋರ್. ಆಗ ಅಲ್ಲಿನ ಬುಡಕಟ್ಟಿನವರೇ ಒಂದು ದಾರಿ ಹಿಡಿದರು. ತಮ್ಮವರೆಲ್ಲ ಬೇಟೆ ಬಿಡಬೇಕು. ಬೇಟೆಯಾಡುತ್ತಿದ್ದ ಗಂಡಸರಿಗೇ ಕಾವಲು ಕೆಲಸ, ಸಂಬಳ. ಆ ಸಂಬಳಕ್ಕೆ ಹಣ ಎಲ್ಲಿಂದ? ವರ್ಷಕ್ಕೆ ಬೆರಳೆಣಿಕೆಯಷ್ಟು ಪ್ರಾಣಿಗಳನ್ನು ಹೊಡೆಯಲು ದೂರದಿಂದ ಬರುವ ಬೇಟೆಗಾರರು ಕೊಡುವ ದೊಡ್ಡ ಶುಲ್ಕದಿಂದ. ಇಪ್ಪತ್ತು ವರ್ಷದಲ್ಲಿ ಅಲ್ಲಿ ಮಾರ್ಖೋರ್ ಸಂಖ್ಯೆ ಎರಡು ಸಾವಿರ ದಾಟಿತು. ಪಾಕಿಸ್ತಾನದ ಬೇರೆ ಬೆಟ್ಟಗಳಿಗೂ ಇದು ಹಬ್ಬಿತು. ಹೊರದೇಶದ ಬೇಟೆಗಾರರಿಗೆ ಇಡೀ ದೇಶದಲ್ಲಿ ವರ್ಷಕ್ಕೆ ಕೆಲವೇ ಮಾರ್ಖೋರ್, ಅದೂ ವಯಸ್ಸಾದ ಗಂಡು. ಒಂದೊಂದು ಲೈಸೆನ್ಸ್ ಈಗ ಲಕ್ಷ ಡಾಲರಿಗೂ ಜಾಸ್ತಿಗೆ ಹೋಗುತ್ತದೆ. ಅದರಲ್ಲಿ ಶೇ 80 ಹಳ್ಳಿಯ ಜನಕ್ಕೆ. ಶಾಲೆ, ನೀರು, ಔಷಧಿ. 2015ರಲ್ಲಿ ಮಾರ್ಖೋರ್ ಅಳಿವಿನಂಚಿನ ಪಟ್ಟಿಯಿಂದ ಕೆಳಗಿಳಿಯಿತು.

ವರ್ಷಕ್ಕೆ ಕೆಲವು ಪ್ರಾಣಿ ಸತ್ತವು, ಸಾವಿರಾರು ಬದುಕಿದವು. ಮೇಕೆ ಮೇಯಿಸುವವನಿಗೆ ಮಾರ್ಖೋರ್ ಮೊದಲು ಒಂದು ದಿನದ ಸಾರು. ಈಗ ಅದು ಮಕ್ಕಳ ಶಾಲೆ.

ಪ್ರವಾಸೋದ್ಯಮ ಸಾಕಲ್ವಾ ಎಂದು ಕೇಳುತ್ತಾರೆ. ಒಳ್ಳೆಯ ಹೋಟೆಲು, ರಸ್ತೆ, ಹತ್ತಿರದಲ್ಲೇ ವಿಮಾನ ನಿಲ್ದಾಣ ಇರುವ ಕಡೆ ಖಂಡಿತ ಸಾಕು, ಅಲ್ಲಿ ಅದೇ ಇರಲಿ. ಆದರೆ ಮುಳ್ಳುಕಂಟಿ, ಧೂಳು, ಸೊಳ್ಳೆ ತುಂಬಿದ ನೂರಾರು ಮೈಲಿಯ ಬಯಲಿಗೆ ಫೋಟೊ ತೆಗೆಯಲು ಯಾರು ಹೋಗುತ್ತಾರೆ? ಅಲ್ಲಿಗೂ ಹೋಗಿ ಟೆಂಟ್ ಹಾಕುವವನು ಬೇಟೆಗಾರ. ಅವನೂ ಬರದಿದ್ದರೆ ಆ ಬಯಲು ದನದ ದೊಡ್ಡಿಯೋ ಜೋಳದ ಹೊಲವೋ ಆಗುತ್ತದೆ. ಇಲ್ಲವೇ ಉರುಳು ಹಾಕುವವರ ಪಾಲಾಗುತ್ತದೆ.

ನನಗೆ ಒಪ್ಪಿಗೆ ಇಲ್ಲದ್ದೂ ಇದೆ. ದಕ್ಷಿಣ ಆಫ್ರಿಕಾದಲ್ಲಿ ಬೇಲಿಯೊಳಗೆ ಸಿಂಹ ಸಾಕಿ, ತಪ್ಪಿಸಿಕೊಳ್ಳಲು ದಾರಿಯಿಲ್ಲದ ಜಾಗದಲ್ಲಿ ಹೊಡೆಸುತ್ತಾರೆ. ಅದು ಬೇಟೆಯೇ ಅಲ್ಲ, ಅದರಿಂದ ಕಾಡಿಗೆ ಏನೂ ಸಿಗುವುದಿಲ್ಲ. ಸೀಸದ ಗುಂಡು ಇನ್ನೊಂದು. ಬೇಟೆಗಾರ ಬಿಟ್ಟುಹೋದ ಕರುಳಿನಲ್ಲಿ ಸೀಸದ ಚೂರು ಇರುತ್ತದೆ, ತಿಂದ ಹದ್ದು ವಿಷವೇರಿ ಸಾಯುತ್ತದೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಹದ್ದುಗಳಿಗೆ ಇದೇ ದೊಡ್ಡ ಕಂಟಕ. ಅಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ತಾಮ್ರದ ಗುಂಡು ಇರುವಾಗ ಬೇರೆ ಕಡೆಯವರೂ ಸೀಸ ಬಿಡಲೇಬೇಕು. ಲೈಸೆನ್ಸಿನ ಹಣ ದೊಡ್ಡವರ ಜೇಬಿಗೆ ಹೋಗುವ ದೇಶಗಳೂ ಇವೆ. ಅಲ್ಲಿ ಹಳ್ಳಿಯವನಿಗೆ ಪ್ರಾಣಿ ಉಳಿಸಲು ಯಾವ ಕಾರಣವೂ ಉಳಿಯುವುದಿಲ್ಲ, ಬೇಟೆ ಸುಮ್ನೆ ಕೊಲೆಯಾಗುತ್ತದೆ.

ಆಫ್ರಿಕಾದ ಬೋಟ್ಸ್ವಾನದ ಮಾತು ಹೇಳಿ ಮುಗಿಸುತ್ತೇನೆ. ಒಂದು ಲಕ್ಷಕ್ಕೂ ಹೆಚ್ಚು ಆನೆಗಳಿರುವ ದೇಶ ಅದು, ಇಷ್ಟು ಆನೆ ಇನ್ನೆಲ್ಲೂ ಇಲ್ಲ. 2014ರಲ್ಲಿ ಬೇಟೆ ನಿಲ್ಲಿಸಿದರು. ಹೊರಗಿನವರು ಚಪ್ಪಾಳೆ ತಟ್ಟಿದರು. ಆದರೆ ಬೇಟೆಯಿಂದಲೇ ಕೆಲಸ, ಮಾಂಸ, ಹಣ ಬರುತ್ತಿದ್ದ ಹಳ್ಳಿಗಳು ಒಮ್ಮೆಗೇ ಬರಿಗೈಯಾದವು. ಆನೆಗಳು ಮಾತ್ರ ರಾತ್ರಿ ಹೊಲಕ್ಕೆ ಬರುವುದು ಬಿಡಲಿಲ್ಲ. ಸರ್ಕಾರ ಆ ಜನರನ್ನೇ ಕೂರಿಸಿ ಕೇಳಿತು. 2019ರಲ್ಲಿ ನಿಷೇಧ ತೆಗೆಯಿತು. ಮುಂದೆ ಜರ್ಮನಿಯಲ್ಲಿ ಬೇಟೆಯ ಕೊಂಬು, ಚರ್ಮ ತರುವುದಕ್ಕೆ ಕಡಿವಾಣ ಹಾಕುವ ಮಾತು ಬಂದಾಗ, 2024ರಲ್ಲಿ ಆಗಿನ ಅಧ್ಯಕ್ಷ ಮೊಕ್ಗ್ವೀತ್ಸಿ ಮಸಿಸಿ ಸಿಟ್ಟಾದರು. 20,000 ಆನೆ ನಿಮಗೇ ಕಳಿಸುತ್ತೇನೆ, ಅವುಗಳ ಜೊತೆ ನೀವೇ ಬದುಕಿ ನೋಡಿ ಎಂದರು. ಎಷ್ಟೋ ಪತ್ರಿಕೆಗಳು ಅದನ್ನು ತಮಾಷೆ ಸುದ್ದಿಯಂತೆ ಹಾಕಿದವು. ನನಗೆ ನಗು ಬರಲಿಲ್ಲ. ಆ ಹೊಲದಲ್ಲಿ ರಾತ್ರಿ ಡಬ್ಬ ಬಡಿಯುತ್ತಾ ಕೂತವರ ಮಾತನ್ನೇ ಅವರು ಹೇಳಿದ್ದರು.