ಸಿಯಾಟಲ್‌ನಲ್ಲಿ ಕಂಡ ಮುಯ್ಯಾಳು

ಮಾರ್ಚ್ ತಿಂಗಳ ಒಂದು ಶನಿವಾರ. ಜಿಟಿಜಿಟಿ ಮಳೆಯಲ್ಲಿ ನಾನೂ ಅಮ್ಮನೂ ನಮ್ಮ ಬೀದಿಯ ಕೊನೆಯಲ್ಲಿರುವ ಸಾಮೂಹಿಕ ತೋಟದಲ್ಲಿ ಮರದ ಚಕ್ಕೆಗಳನ್ನು ಕೈಗಾಡಿಗೆ ತುಂಬಿ ಕಾಲುದಾರಿಗೆ ಸುರಿಯುತ್ತಿದ್ದೆವು. ಅಮ್ಮ ಮಂಡ್ಯದ ಕಡೆಯಿಂದ ಆರು ತಿಂಗಳಿಗೆಂದು ಬಂದಿದ್ದರು. ಸೀರೆಯ ಮೇಲೆ ನನ್ನ ಹಳೆಯ ರೇನ್‌ಕೋಟು, ತಲೆಗೆ ಟವೆಲು. ಹೊರಡುವಾಗ ತೋಟದ ಉಸ್ತುವಾರಿ ನೋಡುವ ಹಿರಿಯ ಹೆಂಗಸು ಪ್ಲಾಸ್ಟಿಕ್ ಹೊದಿಕೆಯೊಳಗಿದ್ದ ಹಾಳೆಯೊಂದನ್ನು ಮುಂದೆ ಹಿಡಿದರು: ಹೆಸರು, ಬಂದ ಹೊತ್ತು, ಹೊರಟ ಹೊತ್ತು, ಮಾಡಿದ ಕೆಲಸ, ಸಹಿ. ನಾನು ಮೂರು ಗಂಟೆ ಎಂದು ಬರೆದೆ. ನೀವು ಬಂದದ್ದು ಹತ್ತೂ ಇಪ್ಪತ್ತಕ್ಕೆ ಎಂದು ನೆನಪಿಸಿ ಅವರು ಅದನ್ನು ಎರಡು ಗಂಟೆ ನಲವತ್ತು ನಿಮಿಷಕ್ಕೆ ತಿದ್ದಿಸಿದರು. "ನಮ್ಮ ಗಂಟೆಯನ್ನು ನಗರ ದುಡ್ಡೆಂದೇ ಲೆಕ್ಕ ಹಿಡಿಯುತ್ತದೆ. ಇಪ್ಪತ್ತು ನಿಮಿಷ ಹೆಚ್ಚು ಬರೆದರೆ ಖೋಟಾ ನೋಟು ಕೊಟ್ಟ ಹಾಗಾಗುತ್ತದೆ" ಎಂದರು. ಅಮ್ಮ ಕನ್ನಡದಲ್ಲೇ ಸಹಿ ಹಾಕಿದರು. ಅವರ ಗಂಟೆಗಳೂ ಲೆಕ್ಕಕ್ಕೆ ಸೇರಿದವು.

ಅಮೆರಿಕದ ಸಿಯಾಟಲ್ ನಗರಾಡಳಿತ 1988ರಲ್ಲಿ ನೇಬರ್‌ಹುಡ್ ಮ್ಯಾಚಿಂಗ್ ಫಂಡ್ ಎಂಬ ನಿಧಿಯನ್ನು ಶುರು ಮಾಡಿತು. ಅದರ ಕ್ರಮ ಬಹಳ ಸರಳ. ಬಡಾವಣೆಯವರು ತಮಗೆ ಬೇಕಾದ ಕೆಲಸವನ್ನು ತಾವೇ ಯೋಚಿಸಿ ಅರ್ಜಿ ಹಾಕುತ್ತಾರೆ. ನಗರ ತನ್ನ ಪಾಲಿನ ಹಣ ಕೊಡುತ್ತದೆ. ನಿವಾಸಿಗಳೂ ತಮ್ಮ ಪಾಲು ಹಾಕಬೇಕು, ಆದರೆ ಅದು ನಗದೇ ಆಗಬೇಕೆಂದಿಲ್ಲ. ದಾನವಾಗಿ ಬಂದ ಮರಳು, ಇಟ್ಟಿಗೆ ನಡೆಯುತ್ತದೆ. ಬಡಾವಣೆಯ ಇಂಜಿನಿಯರ್ ಒಬ್ಬರು ಬಿಟ್ಟಿಯಾಗಿ ಹಾಕಿಕೊಟ್ಟ ನಕ್ಷೆ ನಡೆಯುತ್ತದೆ. ಅದಾವುದೂ ಇಲ್ಲದವರ ದೇಹಶ್ರಮವೂ ನಡೆಯುತ್ತದೆ. ಗಂಟೆಗೆ ಇಷ್ಟು ಎಂದು ನಗರವೇ ದರ ಕಟ್ಟಿ, ಆ ಮೊತ್ತವನ್ನು ನಿವಾಸಿಗಳ ಹೆಸರಿಗೆ ಜಮಾ ಮಾಡಿಕೊಳ್ಳುತ್ತದೆ.

ಇದನ್ನು ವಿವರಿಸಿದಾಗ ಅಮ್ಮ, "ಇದು ನಮ್ಮ ಮುಯ್ಯಾಳಲ್ಲವೇನಪ್ಪ?" ಎಂದರು. ನಾಟಿಯ ಕಾಲದಲ್ಲಿ ನಮ್ಮ ಗದ್ದೆಗೆ ನೀವು, ನಿಮ್ಮ ಗದ್ದೆಗೆ ನಾವು ಎಂದು ಆಳಿಗೆ ಆಳು ಕೂಡಿಸಿ ದುಡಿಯುತ್ತಿದ್ದ ಕ್ರಮ. ಅಲ್ಲಿ ಕಾಗದವಿರಲಿಲ್ಲ ಎಂದು ಲೆಕ್ಕ ತಪ್ಪುತ್ತಿರಲಿಲ್ಲ. ಯಾರ ಮನೆಯಿಂದ ಎಷ್ಟು ಆಳು, ಎಷ್ಟು ದಿನ ಎಂಬುದು ಹೆಂಗಸರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಅಮ್ಮನ ಮಾತು ಕೇಳಿದ ಮೇಲೆ ನಾನು ಈ ನಿಧಿಯನ್ನು ನೋಡುವ ಬಗೆಯೇ ಬದಲಾಯಿತು. ಇಲ್ಲಿ ಮುಯ್ಯಾಳಿನ ಒಂದು ಕಡೆ ಜನ, ಇನ್ನೊಂದು ಕಡೆ ಸರ್ಕಾರ.

ಈ ನಿಧಿಯ ನೆರವಿನಿಂದ ಆದ ಕೆಲಸಗಳಲ್ಲಿ ಹೊರಗಿನವರಿಗೆ ಹೆಚ್ಚು ಗೊತ್ತಿರುವುದು ಫ್ರೀಮಾಂಟ್ ಬಡಾವಣೆಯಲ್ಲಿ ಅರೋರಾ ಸೇತುವೆಯ ಕೆಳಗೆ 1990ರಲ್ಲಿ ಎದ್ದ ಹದಿನೆಂಟು ಅಡಿಯ ಕಾಂಕ್ರೀಟ್ ರಾಕ್ಷಸ. ಕಸ ಸುರಿಯುವ ತಾಣವಾಗಿದ್ದ ಆ ಮೂಲೆಯಲ್ಲಿ ಈಗ ಮಕ್ಕಳು ಅವನ ಹೆಗಲೇರಿ ಕೂರುತ್ತಾರೆ. ನನಗೆ ಅದಕ್ಕಿಂತ ಹತ್ತಿರದ್ದು ಬೀಕನ್ ಹಿಲ್‌ನ ಫುಡ್ ಫಾರೆಸ್ಟ್. ನಗರದ ನೀರು ಸರಬರಾಜು ನೋಡಿಕೊಳ್ಳುವ ಇಲಾಖೆಯ ಜಾಗದಲ್ಲಿ, ಈ ನಿಧಿಯ ಹಣದ ಜೊತೆಗೆ ನಿವಾಸಿಗಳೇ ನಿಂತು ಬೆಳೆಸಿದ ಹಣ್ಣಿನ ತೋಪು. 2012ರಲ್ಲಿ ಅಲ್ಲಿ ಮಣ್ಣಿನ ಕೆಲಸ ಶುರುವಾಯಿತು. ಹಣ್ಣನ್ನು ಯಾರು ಬೇಕಾದರೂ ಕಿತ್ತು ತಿನ್ನಬಹುದು. ಚೀನಾ, ವಿಯೆಟ್ನಾಂ, ಫಿಲಿಪ್ಪೀನ್ಸ್ ಮೂಲದವರು ಹೆಚ್ಚಾಗಿರುವ ಬಡಾವಣೆ ಅದು. ಹಾಗಾಗಿ ಯೋಜನೆಯ ಸಭೆಗಳಿಗೆ ಕರೆಯುವ ಪತ್ರಗಳು ಹಲವು ಭಾಷೆಗಳಲ್ಲಿ ಮನೆಮನೆಗೆ ಹೋಗಿದ್ದವು.

ನಮ್ಮ ಸಾಮೂಹಿಕ ತೋಟವೂ ನಗರದ ಪಿ-ಪ್ಯಾಚ್ ಯೋಜನೆಗೆ ಸೇರಿದ್ದು. ಪಿಕಾರ್ಡೊ ಎಂಬ ಇಟಲಿ ಮೂಲದ ರೈತ ಕುಟುಂಬದ ಹೊಲದಲ್ಲಿ 1973ರಲ್ಲಿ ಮೊದಲಾದ ಯೋಜನೆ. 'ಪಿ' ಆ ಕುಟುಂಬದ ನೆನಪು. ಈಗ ಇಂಥ ತೋಟಗಳು ತೊಂಬತ್ತರ ಆಸುಪಾಸಿನಲ್ಲಿವೆ. ತುಂಡು ಜಾಗ ಪಡೆದವರು ತಮ್ಮ ಮಡಿಯ ಕೆಲಸದ ಜೊತೆಗೆ ವರ್ಷಕ್ಕೆ ಇಷ್ಟು ಗಂಟೆ ಎಲ್ಲರ ಕೆಲಸವನ್ನೂ ಮಾಡಬೇಕು. ಅಮ್ಮ ನಮ್ಮ ಮಡಿಯಲ್ಲಿ ಮೆಂತ್ಯ, ಕೊತ್ತಂಬರಿ ಬಿತ್ತಿದರು. ಪಕ್ಕದ ಮಡಿಯವರು ಮೆಂತ್ಯದ ಎಳೆ ಎಲೆಯನ್ನು ಚಿವುಟಿ ಬಾಯಿಗಿಟ್ಟು, ಕಹಿಗೆ ಮುಖ ಕಿವುಚಿ, ಮತ್ತೆ ಒಂದನ್ನು ಕಿತ್ತರು.

ನನಗೆ ಈ ದೇಶದಲ್ಲಿ ಮತದಾನದ ಹಕ್ಕಿಲ್ಲ. ಕೆಲಸದ ವೀಸಾದ ಮೇಲೆ ಬಂದವನು. ಆದರೂ ನನ್ನ ಬೀದಿಯಲ್ಲಿ ಏನಾಗಬೇಕು ಎಂಬ ಚರ್ಚೆಯಲ್ಲಿ ನನಗೊಂದು ಕುರ್ಚಿಯಿದೆ, ನಾನು ಹೊತ್ತ ಮಣ್ಣಿಗೆ ನಗರದ ಕಡತದಲ್ಲಿ ಒಂದು ಸಾಲಿದೆ. ಬೀದರ್, ರಾಯಚೂರು, ಬಿಹಾರದಿಂದ ಬಂದು ಬೆಂಗಳೂರನ್ನು ಕಟ್ಟುತ್ತಿರುವವರ ಹೆಸರು ಎಷ್ಟೋ ವೇಳೆ ಅಲ್ಲಿನ ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ. ಅವರನ್ನು ನೆನೆದಾಗಲೆಲ್ಲ ಈ ಸಾಲಿನ ಬೆಲೆ ನನಗೆ ಹೆಚ್ಚೆನಿಸುತ್ತದೆ.

ಇಲ್ಲಿನದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ. ಬಡಾವಣೆಗಳ ಪ್ರತಿನಿಧಿಗಳು ಸಭೆ ಸೇರುತ್ತಿದ್ದ, ದಶಕಗಳಿಂದ ನಗರದ ಕಿವಿಯಾಗಿದ್ದ ಹದಿಮೂರು ಜಿಲ್ಲಾ ಮಂಡಳಿಗಳೊಂದಿಗಿನ ಅಧಿಕೃತ ನಂಟನ್ನು 2016ರಲ್ಲಿ ಆಗಿನ ಮೇಯರ್ ಎಡ್ ಮರ್ರಿ ಕಡಿದರು. ಆ ಸಭೆಗಳಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ವಯಸ್ಸಾದ, ಸ್ವಂತ ಮನೆಯುಳ್ಳ ಬಿಳಿಯರು. ಬಾಡಿಗೆದಾರರು, ಯುವಕರು, ವಲಸಿಗರು ಅಲ್ಲಿ ಕಾಣುತ್ತಿರಲಿಲ್ಲ ಎಂಬುದು ಮೇಯರ್ ಕೊಟ್ಟ ಕಾರಣ. ಇದ್ದ ಸಭೆಯನ್ನೂ ಕಿತ್ತುಹಾಕಿದಿರಿ ಎಂದು ಬಹಳ ಜನ ಸಿಟ್ಟಾದರು. ಎರಡೂ ಕಡೆಯ ಮಾತಿನಲ್ಲಿ ಹುರುಳಿತ್ತು. ಗಂಟೆ ಕೊಡಲು ಮೊದಲು ಕೈಯಲ್ಲಿ ಗಂಟೆ ಇರಬೇಕಲ್ಲ! ಎರಡು ಪಾಳಿ ದುಡಿಯುವ ತಾಯಿ ಶನಿವಾರ ಬೆಳಗ್ಗೆ ಕೈಗಾಡಿ ಹಿಡಿದು ಬರುವುದು ಹೇಗೆ? ಅದಕ್ಕೇ ನಗರವು ಒಂದೊಂದು ಭಾಷಾ ಸಮುದಾಯದ ಒಳಗಿನವರನ್ನೇ ಸಂಭಾವನೆ ಕೊಟ್ಟು ಸಂಪರ್ಕಕ್ಕೆ ಇಟ್ಟುಕೊಂಡಿದೆ. ಸಭೆಗೆ ಬನ್ನಿ ಎನ್ನುವುದಕ್ಕಿಂತ ಜನ ಇರುವಲ್ಲಿಗೇ ಹೋಗುವ ಈ ದಾರಿ ನನಗೆ ಸರಿಯೆನಿಸುತ್ತದೆ.

ಇನ್ನು ನಮ್ಮ ಕಡೆಯದು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ 1992ರಲ್ಲೇ ಹೇಳಿತು. ಕಾನೂನಿನಲ್ಲಿ ನಮಗೆ ಕೊರತೆಯಿಲ್ಲ. ಜನರಿಗೆ ಕೈಲಾಗದೆಂದೂ ಅಲ್ಲ: ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನವರು 2011ರಲ್ಲೇ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಕೆರೆಯ ಆರೈಕೆಗೆ ನಿಂತರು. ಆದರೆ ನಾನು ರಜೆಗೆ ಬಂದಾಗ ಕುಳಿತ ಒಂದೆರಡು ವಾರ್ಡ್ ಸಭೆಗಳಲ್ಲಿ ಜನ ದೂರುದಾರರಾಗಿ ಬಂದು ದೂರುದಾರರಾಗಿಯೇ ಎದ್ದುಹೋದರು. ಚರಂಡಿ ಕಟ್ಟಿದೆ, ದೀಪ ಉರಿಯುತ್ತಿಲ್ಲ, ಬೀದಿನಾಯಿ. ಅಧಿಕಾರಿ ಬರೆದುಕೊಂಡರು. ನೀವೇನು ಮಾಡಬಲ್ಲಿರಿ, ಅದಕ್ಕೆ ನಾವೇನು ಕೂಡಿಸೋಣ ಎಂದು ಯಾರೂ ಕೇಳಲಿಲ್ಲ.

ನಮ್ಮೂರಿನ ಸಂಗತಿಯೊಂದು ನನ್ನನ್ನು ಇವತ್ತಿಗೂ ನೋಯಿಸುತ್ತದೆ. ಅಪ್ಪ ಮತ್ತು ಬೀದಿಯ ಏಳೆಂಟು ಮನೆಯವರು ಪಾರ್ಕಿನ ಅಂಚಿನಲ್ಲಿ ನಲವತ್ತು ಹೊಂಗೆ ಸಸಿ ನೆಟ್ಟು, ಬಿದಿರಿನ ಬೇಲಿ ಕಟ್ಟಿ, ಎರಡು ಬೇಸಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಉಳಿಸಿದ್ದರು. ಉದ್ಘಾಟನೆಯ ದಿನ ಫೋಟೊ ಆಯಿತು, ಶ್ರಮದಾನ ಎಂದು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಮೂರನೆಯ ವರ್ಷ ಚರಂಡಿ ಕಾಮಗಾರಿಯ ಗುತ್ತಿಗೆದಾರರು ಒಂದೇ ಬೆಳಗ್ಗೆ ಅಷ್ಟನ್ನೂ ಜೆಸಿಬಿಯಿಂದ ಕಿತ್ತರು. ಅಪ್ಪ ಕಚೇರಿಗೆ ಹೋದರೆ, ಅಲ್ಲಿ ಸಸಿಗಳಿದ್ದ ಬಗ್ಗೆ ನಮ್ಮಲ್ಲಿ ದಾಖಲೆಯೇ ಇಲ್ಲ ಎಂಬ ಉತ್ತರ. ಅವರು ಸುಳ್ಳು ಹೇಳಲಿಲ್ಲ, ದಾಖಲೆ ನಿಜವಾಗಿಯೂ ಇರಲಿಲ್ಲ. ಎರಡು ಬೇಸಿಗೆ ಹೊತ್ತ ನೀರು ಯಾವ ಪುಸ್ತಕದಲ್ಲೂ ಇರಲಿಲ್ಲ. ನಮ್ಮ ಶ್ರಮವನ್ನು ದಾನವೆಂದು ಹೊಗಳಿ ಮರೆತುಬಿಡುವುದಕ್ಕಿಂತ, ಪಾಲು ಎಂದು ಬರೆದಿಟ್ಟುಕೊಂಡಿದ್ದರೆ ಆ ಸಸಿಗಳು ಸ್ಥಳೀಯ ಆಡಳಿತದ ಆಸ್ತಿಯಾಗಿ ಉಳಿಯುತ್ತಿದ್ದವು.

ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಬೆಂಗಳೂರು ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲೇ ಉಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಹೊಸ ಕಟ್ಟಡ, ಹೊಸ ಲಾಂಛನಗಳ ಮಾತು ಸಾಕಷ್ಟಾಗಿದೆ. ನಾನು ಕೇಳುವುದು ಚಿಕ್ಕದು: ಪ್ರತಿ ವಾರ್ಡಿನಲ್ಲೂ ನಿವಾಸಿಗಳ ಪಾಲನ್ನು ಬರೆಯುವ ಒಂದು ಪುಸ್ತಕ, ಆ ಪಾಲಿಗೆ ಸರಿಯಾಗಿ ಕೂಡಿಸಲು ಬಜೆಟ್ಟಿನಲ್ಲಿ ಒಂದಿಷ್ಟು ಹಣ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಇದು ಆಗದ ಕೆಲಸವೇನಲ್ಲ.

ಅಮ್ಮ ಊರಿಗೆ ಹೊರಡುವಾಗ ಆ ಗಂಟೆಯ ಹಾಳೆಯ ಖಾಲಿ ಪ್ರತಿಯೊಂದನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡರು. ಅಪ್ಪ ಅದನ್ನು ನೋಡಿ ನೋಟ್‌ಬುಕ್ಕಿನಲ್ಲಿ ಗೀಟು ಎಳೆದು ಕನ್ನಡದಲ್ಲಿ ಅಂಕಣ ಹಾಕಿದ್ದಾರೆ. ಪಾರ್ಕಿನ ಅಂಚಿನಲ್ಲಿ ಮತ್ತೆ ಹನ್ನೆರಡು ಸಸಿ ಇಟ್ಟಿದ್ದಾರೆ. ಈ ಸಲ ನೆಡುವ ಮೊದಲೇ ಅರ್ಜಿ ಕೊಟ್ಟು, ಕಚೇರಿಯ ಮೊಹರು ಬಿದ್ದ ಸ್ವೀಕೃತಿಯನ್ನು ಆ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿದ್ದಾರೆ.