ಮಂಗಳನ ಬಾವಿಗೆ ಮಡಿ

ನಮ್ಮಜ್ಜಿ ಕೊನೆವರೆಗೂ ನಲ್ಲಿ ನೀರು ಕುಡಿಯಲಿಲ್ಲ. ನಲ್ಲಿಯೊಳಗೆ ಚರ್ಮದ ವಾಷರ್ ಇರುತ್ತದೆ, ಮೈಲಿಗೆ. ಬಾವಿ ನೀರೇ ಆಗಬೇಕು, ಅದನ್ನೂ ಮಡಿಯಲ್ಲಿದ್ದವರೇ ಸೇದಬೇಕು. ಒಣಹಾಕಿದ ಮಡಿಸೀರೆಗೆ ನಾವು ಮಕ್ಕಳು ಓಡುವಾಗ ಕೈ ತಾಗಿಸಿದೆವೋ, ಮತ್ತೆ ಒಗೆತ, ಮತ್ತೆ ಬೈಗುಳ. ಆದರೆ ಅದೇ ಅಜ್ಜಿ ಅವಸರದ ದಿನ ಪೆಟ್ಟಿಗೆಯಿಂದ ಪಟ್ಟೆಸೀರೆ ತೆಗೆದು ಉಟ್ಟು ಸೀದಾ ದೇವರ ಮನೆಗೆ ಹೋಗಿಬಿಡುತ್ತಿದ್ದರು. ರೇಷ್ಮೆಗೆ ಮೈಲಿಗೆ ಅಂಟುವುದಿಲ್ಲವಂತೆ. ಯಾಕಜ್ಜಿ ಅಂತ ಕೇಳಿದರೆ, "ಅದು ಹಾಗೇ ಕಣೋ".

ಅಜ್ಜಿಯ ಜೊತೆಗೇ ಈ ಶಾಸ್ತ್ರವೂ ಹೋಯಿತು ಅಂದುಕೊಂಡಿದ್ದೆ. ಹೋಗಿದೆ ನಿಜ, ಆದರೆ ನಾಸಾಕ್ಕೆ.

2015ರ ಸೆಪ್ಟೆಂಬರಿನಲ್ಲಿ ನಾಸಾ ಡಂಗುರ ಹೊಡೆಯಿತು: ಮಂಗಳನ ಇಳಿಜಾರುಗಳಲ್ಲಿ ಬೇಸಿಗೆ ಬಂದಾಗ ಮೂಡಿ, ಚಳಿಗೆ ಮಾಯವಾಗುವ ಕಪ್ಪು ಗೆರೆಗಳಿವೆಯಲ್ಲ, ಅವು ಉಪ್ಪುನೀರಿನ ಹರಿವು! ಎಲ್ಲರಿಗೂ ರೋಮಾಂಚನ. ನೀರಿದ್ದಲ್ಲಿ ಜೀವ ಇರಬಹುದು. ಕ್ಯೂರಿಯಾಸಿಟಿ ರೋವರ್ ಹೇಗೂ 2012ರಿಂದ ಅಲ್ಲೇ ಓಡಾಡಿಕೊಂಡಿದೆ, ಅದು ತಿರುಗುತ್ತಿದ್ದ ಬೆಟ್ಟದ ಇಳಿಜಾರಿನಲ್ಲೂ ಅಂಥ ಗೆರೆಗಳಿರಬಹುದು ಎಂಬ ಅನುಮಾನವಿತ್ತು. ಹಾಗಾದರೆ ಹೋಗಿ ಒಂದು ಬೆರಳು ಅದ್ದಿ ನೋಡಪ್ಪಾ ಅಂದರೆ ಉತ್ತರ ಬಂತು: ಮುಟ್ಟುವಂತಿಲ್ಲ. ಬೇಕಾದರೆ ದೂರದಿಂದ ಫೋಟೋ ತೆಗೆಯಬಹುದು. ಅದು ಮಡಿಯಲ್ಲಿಲ್ಲ.

ಭೂಮಿಯ ಸೂಕ್ಷ್ಮಜೀವಿ ಬೇರೆ ಗ್ರಹಕ್ಕೆ ಅಂಟದಂತೆ ಕಾಯುವ ಇದಕ್ಕೆ ಗ್ರಹ ಸಂರಕ್ಷಣೆ ಅಂತ ಹೆಸರು. ಬೇರು 1967ರ ಬಾಹ್ಯಾಕಾಶ ಒಪ್ಪಂದದಲ್ಲಿದೆ. ಮಂಗಳಕ್ಕೆ ಇಳಿಯುವ ಸಾಮಾನ್ಯ ನೌಕೆಯ ಮೈಮೇಲೆ 3 ಲಕ್ಷಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಬೀಜಕ (ಕಷ್ಟಕಾಲಕ್ಕೆ ಗಟ್ಟಿ ಕವಚದೊಳಗೆ ಮಲಗಿದ ಬ್ಯಾಕ್ಟೀರಿಯಾ) ಇರಬಾರದು. ಜೀವ ಬದುಕಬಲ್ಲಷ್ಟು ತೇವ, ಬೆಚ್ಚಗಿರುವ ಜಾಗ 'ವಿಶೇಷ ಪ್ರದೇಶ'. ಬೆಚ್ಚಗೆ ಅಂದರೆ ಸುಮಾರು ಮೈನಸ್ 28 ಡಿಗ್ರಿ, ಮಂಗಳನ ಲೆಕ್ಕದಲ್ಲಿ. ಅದು ದೇವರ ಮನೆ. ಒಳಗೆ ಹೋಗಲು ಇನ್ನೂ ಕಟ್ಟುನಿಟ್ಟಾದ ಮಡಿ ಬೇಕು. 1976ರಲ್ಲಿ ಇಳಿದ ಎರಡು ವೈಕಿಂಗ್ ನೌಕೆಗಳನ್ನು ಹೊರಡುವ ಮುಂಚೆ ಇಡಿಇಡಿಯಾಗಿ ಓವನ್ನಿಗೆ ತಳ್ಳಿ 110 ಡಿಗ್ರಿಗೂ ಮೀರಿದ ಕಾವಿನಲ್ಲಿ ಬೇಯಿಸಿದ್ದರು. ಅದಪ್ಪಾ ಮಡಿ! ಕ್ಯೂರಿಯಾಸಿಟಿಯದು ಬರೀ ತಲೆಗೆ ನೀರು ಚಿಮುಕಿಸಿಕೊಂಡ ಮಡಿ. ಸಾಲದ್ದಕ್ಕೆ, ಹೊರಡುವ ಮುಂಚೆ ಎಂಜಿನಿಯರುಗಳು ಕ್ರಿಮಿ ಕಳೆದು ಮುಚ್ಚಿಟ್ಟ ಪೆಟ್ಟಿಗೆ ತೆರೆದು, ಇರಲಿ ಅಂತ ಕಲ್ಲು ಕೊರೆಯುವ ಡ್ರಿಲ್ಲಿಗೆ ಒಂದು ಬಿಟ್ ಸಿಕ್ಕಿಸಿಟ್ಟರು. ಗ್ರಹ ಸಂರಕ್ಷಣಾಧಿಕಾರಿಯನ್ನು ಮೊದಲೇ ಕೇಳಲಿಲ್ಲ. ಒಣಹಾಕಿದ ಸೀರೆಗೆ ಕೈ ತಾಗಿತು. ರೋವರಿನ ದರ್ಜೆ ಇಳಿಯಿತು. (ಈ ಅಧಿಕಾರಿ ನಿಜವಾಗಿಯೂ ಇದ್ದಾರೆ. 2017ರಲ್ಲಿ ಹುದ್ದೆಗೆ ಅರ್ಜಿ ಕರೆದಾಗ ವರ್ಷಕ್ಕೆ 1,87,000 ಡಾಲರ್‌ವರೆಗೆ ಸಂಬಳ. ನಮ್ಮಜ್ಜಿ ಪುಕ್ಕಟೆ ಮಾಡುತ್ತಿದ್ದರು.)

ತರ್ಕ ತಪ್ಪೇನಲ್ಲ. ಇಲ್ಲಿಂದಲೇ ಒಯ್ದ ಬ್ಯಾಕ್ಟೀರಿಯಾವನ್ನು ಅಲ್ಲಿ ಕಂಡು "ಸಿಕ್ಕಿತು, ಸಿಕ್ಕಿತು" ಎಂದು ಕುಣಿದರೆ ಮರ್ಯಾದೆ ಹೋಗುತ್ತದೆ. ಆದರೆ ಪರಿಣಾಮ ನೋಡಿ. ಜೀವಕ್ಕೆ ತಕ್ಕ ಜಾಗವಿತ್ತೇ ಎಂದು ನೋಡಲೆಂದೇ ಕಳಿಸಿದ ಯಂತ್ರ ನೀರಿಲ್ಲದ ಕಡೆ ಎಷ್ಟು ಬೇಕಾದರೂ ತಿರುಗಬಹುದು. ನೀರಿನ ಗುಮಾನಿ ಬಂತೋ, ಅಲ್ಲೇ ನಿಲ್ಲಬೇಕು. ಮಂಗಳ ಕೊಟ್ಟರೂ ಪೂಜಾರಿ ಕೊಡ.

ಮುಂದೇನಾಯಿತು? 2017ರ ನವೆಂಬರಿನಲ್ಲಿ ಇನ್ನೊಂದು ಅಧ್ಯಯನ ಬಂತು. ಆ ಗೆರೆಗಳು ಇಳಿಜಾರು ಕಡಿದಾಗಿದ್ದಲ್ಲಿ ಮಾತ್ರ ಇವೆ, ಇಳಿಜಾರು ಕಮ್ಮಿಯಾದಲ್ಲಿ ನಿಂತುಬಿಡುತ್ತವೆ. ನೀರಾದರೆ ಅಲ್ಲೂ ಹರಿಯಬೇಕಿತ್ತು. ಬಹುಶಃ ಒಣ ಮರಳು ಜಾರುತ್ತಿದೆ ಅಷ್ಟೇ. ಎರಡು ವರ್ಷ ಮಡಿ ಕಾದದ್ದು ಮರಳಿಗೆ.

ಅಷ್ಟಾದರೂ ರೋವರ್ ಪುಣ್ಯವಂತ, ಬದುಕಿದೆ. ಗುರು, ಶನಿಯ ಕಡೆ ಹೋದವರ ಗತಿ ಕೇಳಬೇಡಿ. ಗುರುವಿನ ಚಂದ್ರ ಯುರೋಪಾದ ಹಿಮದಡಿ ಸಮುದ್ರವಿದೆ ಎಂಬುದಕ್ಕೆ ಬಲವಾದ ಸುಳಿವು ಕೊಟ್ಟದ್ದು ಗೆಲಿಲಿಯೋ ನೌಕೆ. ಬಹುಮಾನ? 2003ರಲ್ಲಿ ಅದನ್ನು ಗುರುವಿನೊಳಗೆ ಬೀಳಿಸಿ ಸುಟ್ಟರು. ಶನಿಯ ಪುಟ್ಟ ಚಂದ್ರ ಎನ್ಸೆಲಾಡಸ್ ನೀರಿನ ಕಾರಂಜಿ ಚಿಮ್ಮಿಸುವುದನ್ನು ಕಂಡು, ಆ ಕಾರಂಜಿಯೊಳಗೇ ಹಾದುಹೋಗಿ ಮೈ ನೆನೆಸಿಕೊಂಡು ಬಂದದ್ದು ಕ್ಯಾಸಿನಿ. 2017ರ ಸೆಪ್ಟೆಂಬರ್ 15ರಂದು ಅದೂ ಶನಿಯ ಪಾಲು. ಇಂಧನ ಮುಗಿದ ಮೇಲೆ ಎಲ್ಲಾದರೂ ಆ ನೀರಿಗೇ ಬಿದ್ದು ಮೈಲಿಗೆ ಮಾಡೀತು ಎಂಬ ಭಯ. ಬಾವಿ ತೋರಿಸಿದವನನ್ನೇ, ಬಾವಿಗೆ ಬಿದ್ದಾನೆಂದು, ಬೆಂಕಿಗೆ ಹಾಕಿದ ಹಾಗೆ.

ಇನ್ನು ರೇಷ್ಮೆಯ ವಿಷಯ.

2018ರ ಫೆಬ್ರವರಿಯಲ್ಲಿ ಎಲಾನ್ ಮಸ್ಕ್ ತಮ್ಮ ಕೆಂಪು ಟೆಸ್ಲಾ ಕಾರನ್ನು ರಾಕೆಟ್ಟಿಗೆ ಕಟ್ಟಿ ಮೇಲಕ್ಕೆ ಕಳಿಸಿದರು. ರಸ್ತೆಯಲ್ಲಿ ಓಡಾಡಿದ ಕಾರು, ಸೀಟೂ ಬೇಯಿಸಿಲ್ಲ, ಟೈರೂ ಬೇಯಿಸಿಲ್ಲ. ಮಂಗಳನ ಕಕ್ಷೆಯನ್ನು ದಾಟಿಕೊಂಡು ಸೂರ್ಯನನ್ನು ಸುತ್ತುತ್ತಿದೆ. ಅದು ಅಲ್ಲಿ ಇಳಿಯುವುದಿಲ್ಲವಲ್ಲ, ಆದ್ದರಿಂದ ಮಡಿ ಬೇಡವಂತೆ. 2019ರ ಏಪ್ರಿಲ್‌ನಲ್ಲಿ ಇಸ್ರೇಲಿನ ಖಾಸಗಿ ನೌಕೆ ಬೆರೆಶೀಟ್ ಚಂದ್ರನಿಗೆ ಅಪ್ಪಳಿಸಿತು. ಅದರೊಳಗೆ ಒಣಗಿಸಿದ ಸಾವಿರಾರು ಟಾರ್ಡಿಗ್ರೇಡ್‌ಗಳು, ಅಂದರೆ ನೀರು ಬಿದ್ದರೆ ಎದ್ದು ಕೂರಬಲ್ಲ ಸೂಕ್ಷ್ಮಜೀವಿಗಳು, ಇದ್ದವೆಂದು ಲೋಕಕ್ಕೆ ಗೊತ್ತಾದದ್ದು ಅದು ಬಿದ್ದು ತಿಂಗಳುಗಳಾದ ಮೇಲೆ. ಚಂದ್ರನಿಗೆ ಅಷ್ಟು ಮಡಿ ಇಲ್ಲ ಬಿಡಿ. ಅಪೊಲೊ ಯಾತ್ರಿಗಳು ತಮ್ಮ ಮಲಮೂತ್ರದ ಚೀಲಗಳನ್ನೇ ಅಲ್ಲಿ ಬಿಟ್ಟು ಬಂದಿದ್ದಾರೆ.

ಈಗ ಮನುಷ್ಯರನ್ನೇ ಮಂಗಳಕ್ಕೆ ಕಳಿಸುವ ಮಾತು. ರೋವರಿಗೆ 3 ಲಕ್ಷ ಬೀಜಕದ ಮಿತಿ. ಒಬ್ಬ ಮನುಷ್ಯನ ಮೈಯಲ್ಲಿ ಬ್ಯಾಕ್ಟೀರಿಯಾಗಳು ಅಂದಾಜು 38 ಲಕ್ಷ ಕೋಟಿ. ಅವನನ್ನು ಓವನ್ನಿಗೆ ಹಾಕುವಂತೆಯೂ ಇಲ್ಲ. ಅವನು ಸೀನುತ್ತಾನೆ, ಕೆಮ್ಮುತ್ತಾನೆ, ಬಾಯಾರಿದರೆ ನೇರ ದೇವರ ಮನೆಗೇ ತಂಬಿಗೆ ಹಿಡಿದು ಹೋಗುತ್ತಾನೆ. ಇದಕ್ಕೆ ನಾಸಾ ಏನು ಮಾಡಿತು? 2020ರಲ್ಲಿ ಮಾನವ ಯಾತ್ರೆಗಾಗಿ ನಿಯಮಗಳನ್ನು ಮರುಪರಿಶೀಲಿಸುವ ಆದೇಶ ಹೊರಡಿಸಿತು. ಪಟ್ಟೆಸೀರೆಯ ಪೆಟ್ಟಿಗೆ ತೆರೆಯುತ್ತಿದೆ.

ಬರುವಾಗಿನ ಮಡಿಯ ಕಥೆಯನ್ನೂ ಹೇಳಿಬಿಡುತ್ತೇನೆ. 1969ರ ಜುಲೈ 24ರಂದು ಅಪೊಲೊ 11 ಸಮುದ್ರಕ್ಕೆ ಬಿತ್ತು. ಚಂದ್ರನ ರೋಗಾಣು ಭೂಮಿಗೆ ಹರಡಬಾರದೆಂದು ಮೂವರಿಗೂ ದಿಗ್ಬಂಧನ, ಗಾಳಿಯಾಡದ ಕೋಣೆ, ವಿಶೇಷ ಉಡುಪು, ಒಟ್ಟು 21 ದಿನದ ಲೆಕ್ಕ. ಆದರೆ ಆ ಉಡುಪು ಒಳಗೆ ಕೊಡಬೇಕಲ್ಲ? ನಡುಸಮುದ್ರದಲ್ಲೇ ನೌಕೆಯ ಬಾಗಿಲು ತೆಗೆದರು. ಒಳಗಿನ ಗಾಳಿ ಪೆಸಿಫಿಕ್ ಸಾಗರದ ಪಾಲಾಯಿತು, ಆಮೇಲೆ ದಿಗ್ಬಂಧನ ಶುರುವಾಯಿತು.

ಅವರ ಹೆಸರಲ್ಲಿ ಹೊನೊಲುಲು ಕಸ್ಟಮ್ಸಿನ ಒಂದು ಫಾರಂ ಕೂಡ ಇದೆ, ಮೂವರ ಸಹಿಯೂ ಇದೆ. ಹೊರಟ ಸ್ಥಳ: ಚಂದ್ರ. ಸರಕು: ಚಂದ್ರನ ಕಲ್ಲು ಮತ್ತು ಧೂಳು. ರೋಗ ಹರಡುವಂಥದ್ದೇನಾದರೂ ಇದೆಯೇ ಎಂಬ ಕಾಲಂನಲ್ಲಿ ಟೈಪ್ ಮಾಡಿದ್ದಾರೆ: "ಇನ್ನು ತಿಳಿಯಬೇಕಷ್ಟೆ". ಅಜ್ಜಿಯ "ಅದು ಹಾಗೇ ಕಣೋ" ಎನ್ನುವುದಕ್ಕೆ ಸರ್ಕಾರಿ ಇಂಗ್ಲಿಷ್ ಅದು.